ಎಕ್ಕದ ಎಲೆ ಮೇಲಿನ ಹುಳ

ಹಾಲು ತರೋಕೆ ಹೊರಟವಳು ಪಕ್ಕದ ಖಾಲಿ ಸೈಟಿನ ಎಕ್ಕದ ಗಿಡದ ಹತ್ತಿರ ನಿಂತೇಬಿಟ್ಟೆ.

ಎಲೆ ಮೇಲೊಂದು ಹುಳ. ಕಪ್ಪು, ಬಿಳಿ, ಹಳದಿ ಪಟ್ಟೆ. ಬೆನ್ನ ಮೇಲೆ ಮೂರು ಜೊತೆ ಕಪ್ಪು ಕೊಂಬು.

ಎಕ್ಕದ ಹಾಲು ಗೊತ್ತಲ್ಲ, ಅಂಟು, ಜೊತೆಗೆ ವಿಷ. ರಥಸಪ್ತಮಿಗೆ ಏಳು ಎಲೆ ಕೀಳುವಾಗ "ಕಣ್ಣಿಗೆ ಸಿಡಿಸ್ಕೋಬೇಡ್ವೇ" ಅಂತ ಅಮ್ಮ ಪ್ರತಿ ವರ್ಷ ಕೂಗ್ತಾಳೆ.

ಈ ಹುಳ ಸೀದಾ ತಿನ್ನಲಿಲ್ಲ. ಮೊದಲು ಎಲೆಯ ನಡುವಿನ ನರ ಕಚ್ಚಿತು. ಬೆಳ್ಳಗೆ ಹಾಲು ಉಕ್ಕಿತು. ತಲೆ ಹಿಂದಕ್ಕೆ ಎಳ್ಕೊಂಡಿತು. ಮತ್ತೆ ಅಲ್ಲೇ ಕಚ್ಚಿತು. ಹಾಲೆಲ್ಲ ಅಲ್ಲೇ ಸೋರಿ, ಮುಂದಕ್ಕೆ ಹರಿಯೋದು ನಿಂತ ಮೇಲೆ ಎಲೆ ತುದಿಗೆ ಹೋಗಿ ಮೇಯೋಕೆ ಶುರು. ನಲ್ಲಿ ಬಿಚ್ಚೋ ಮುಂಚೆ ವಾಲ್ವ್ ಬಂದ್ ಮಾಡ್ತಾರಲ್ಲ, ಹಾಗೆ!

ಗಿಡ ತನ್ನನ್ನು ಕಾಯ್ಕೊಳ್ಳೋಕೆ ಮಾಡಿದ ವಿಷ ಎಷ್ಟೋ ಸಲ ಹುಳದ ಮೈಯಲ್ಲೇ ಉಳಿದು, ಅದು ಬೆಳೆದು ಪ್ಲೇನ್ ಟೈಗರ್ ಅನ್ನೋ ಚಿಟ್ಟೆ ಆದ ಮೇಲೂ ಅದನ್ನ ಹಕ್ಕಿಗಳಿಂದ ಕಾಯುತ್ತೆ. ಆ ಕಿತ್ತಳೆ ರೆಕ್ಕೆ ಹಾರೋದನ್ನ ನೋಡಿ, ಯಾವ ಅವಸರವೂ ಇರಲ್ಲ.

ಹಾಲು ತರೋದು ತಡವಾಯ್ತು. ಪರವಾಗಿಲ್ಲ.

ನಾಳೆ ಸೈಟು ಕ್ಲೀನ್ ಮಾಡಿಸ್ತಾರಂತೆ. ಆ ಒಂದು ಗಿಡ ಹದಿನೈದು ದಿನ ಬಿಡಿ ಅಂತ ಕೇಳ್ಕೊಂಡು ಬರ್ತೀನಿ.