ರಿಮೋಟ್ ಅಜ್ಜಿಯ ಕೈಯಲ್ಲಿ

ಭಾನುವಾರ ರಾತ್ರಿ 8.15ರಿಂದ 9.45ರವರೆಗೆ ನಮ್ಮ ಕೆಳಮನೆ ಅಜ್ಜಿಯ ಬೆಲ್ ಒತ್ತಬಾರದು. ಫೋನೂ ಮಾಡಬಾರದು. ಆ ಒಂದೂವರೆ ಗಂಟೆ ಅವರ ‘ಟಾಟೋರ್ಟ್’ ಹೊತ್ತು. ಹಾಗೆಂದರೆ ಅಪರಾಧ ನಡೆದ ಜಾಗ. 1970ರಲ್ಲಿ ಶುರುವಾದ ಜರ್ಮನ್ ಟಿವಿಯ ಪತ್ತೇದಾರಿ ಸರಣಿ ಇದು, ಇನ್ನೂ ನಡೀತಾ ಇದೆ. ಒಂದು ವಾರ ಮ್ಯೂನಿಕ್ ಪೊಲೀಸರು, ಇನ್ನೊಂದು ವಾರ ಕಲೋನ್‌ನವರು, ಮತ್ತೊಂದು ವಾರ ನಮ್ಮ ಸ್ಟುಟ್‌ಗಾರ್ಟ್‌ನವರು. ಪ್ರತಿ ಸಲವೂ ಸುಮಾರು 90 ನಿಮಿಷದ ಹೊಸ ಕಥೆ. ಜರ್ಮನಿಗೆ ಬಂದ ಹೊಸದರಲ್ಲಿ, ‘ಭಾನುವಾರ ಏನು ಮಾಡಿದೆ’ ಅಂತ ಸೋಮವಾರ ಆಫೀಸಿನಲ್ಲಿ ಕೇಳಿದರೆ ಅರ್ಧ ಜನ ಇದರ ಬಗ್ಗೆಯೇ ಯಾಕೆ ಮಾತಾಡುತ್ತಾರೆ ಅಂತ ನನಗೆ ತಿಳಿದಿರಲಿಲ್ಲ.

ಅಜ್ಜಿಯ ಸೋಫಾದಲ್ಲಿ ನನಗೆ ಜಾಗ ಸಿಕ್ಕಿದ್ದು ಮೂರು ವರ್ಷದ ಹಿಂದೆ, ಅವರ ರಿಮೋಟ್ ಕೆಟ್ಟಾಗ. ಕೆಟ್ಟಿರಲಿಲ್ಲ, ಬ್ಯಾಟರಿ ಉಲ್ಟಾ ಹಾಕಿದ್ದರು. ಸರಿ ಮಾಡಿ ಕೊಟ್ಟೆ. ‘ಬಂದಿದ್ದೀರಲ್ಲ, ಕೂತ್ಕೊಳ್ಳಿ’ ಅಂದರು. ಅವತ್ತಿನಿಂದ ಒಂದು ಒಪ್ಪಂದ ಆಯಿತು. ಭಾನುವಾರ ಅವರದ್ದು ನಾನು ನೋಡಬೇಕು, ತಿಂಗಳಿಗೊಂದು ಶನಿವಾರ ನನ್ನದು ಅವರು ನೋಡಬೇಕು. ರಿಮೋಟ್ ಮಾತ್ರ ಯಾವಾಗಲೂ ಅವರ ಕೈಯಲ್ಲಿ. ಅವರ ಇಂಗ್ಲಿಷ್ ಶಾಲೆಯಲ್ಲಿ ಕಲಿತದ್ದು, ಸಬ್‌ಟೈಟಲ್ ಓದೋದು ನಿಧಾನ. ಬೇಕಾದ ಕಡೆ ಪಾಸ್ ಒತ್ತಿ ಸಿನಿಮಾ ನಿಲ್ಲಿಸುತ್ತಾರೆ. ಅವರು ಎಲ್ಲಿ ಪಾಸ್ ಒತ್ತಿದರು ಅನ್ನೋದರ ಮೇಲೆಯೇ ಈಗ ನಾನು ಸಿನಿಮಾ ಅಳೆಯುವುದು.

ಮೊದಲು ತೋರಿಸಿದ್ದು ‘ಕಾಂತಾರ’. 2022ರಲ್ಲಿ ಬಂದ ಮೊದಲನೆಯದ್ದು. ಸಣ್ಣ ಭಾಷಣವನ್ನೇ ಸಿದ್ಧ ಮಾಡಿಕೊಂಡು ಹೋಗಿದ್ದೆ. ಪಂಜುರ್ಲಿ ಅಂದರೆ ಹಂದಿ ರೂಪದ ದೈವ, ಕೋಲ ಅಂದರೆ ಇದು, ಕಂಬಳ ಅಂದರೆ ಇದು ಅಂತ. ಒಂದೂ ಬೇಕಾಗಲಿಲ್ಲ. ಕಂಬಳದಲ್ಲಿ ಕೋಣ ಓಡುವಾಗ ಅಜ್ಜಿ ಕಾಲು ಮಡಚಿ ಕೂತರು. ಜಮೀನ್ದಾರನಾಗಿ ಅಚ್ಯುತ್ ಕುಮಾರ್ ಮೊದಲ ಸಲ ನಕ್ಕ ತಕ್ಷಣ ‘ಇವನೇ ಕಳ್ಳ’ ಅಂದರು. ಕೊನೆಯ ಇಪ್ಪತ್ತು ನಿಮಿಷ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ಸಬ್‌ಟೈಟಲ್ ಓದುತ್ತಲೇ ಇರಲಿಲ್ಲ.

ಅವರು ಪಾಸ್ ಒತ್ತಿದ್ದು ಬೇರೆ ಕಡೆ. ನಾಯಕ ಶಿವ, ನಾಯಕಿ ಲೀಲಾಳ ಸೊಂಟ ಚಿವುಟುತ್ತಾನಲ್ಲ, ಅಲ್ಲಿ.

‘ಇವಳು ಯಾಕೆ ಅವನಿಗೆ ಬಾರಿಸಲಿಲ್ಲ?’

ನಾನು ಏನೋ ಹೇಳಲು ಹೋದೆ. ‘ನಮ್ಮ ಸಿನಿಮಾದಲ್ಲಿ ಪ್ರೀತಿ ಶುರುವಾಗೋದು ಹೀಗೇ...’ ಅಷ್ಟರಲ್ಲಿ ಆ ಮಾತು ಜರ್ಮನ್‌ನಲ್ಲಿ ಹೇಗೆ ಕೇಳಿಸುತ್ತದೆ ಅನ್ನೋದು ನನ್ನ ಕಿವಿಗೇ ಬಿತ್ತು. ವಾಕ್ಯ ಮುಗಿಸಲಿಲ್ಲ. ದೈವವನ್ನು ವಿವರಿಸಬೇಕಾಗಲಿಲ್ಲ, ಚಿವುಟಿದ್ದನ್ನು ವಿವರಿಸಲು ಆಗಲಿಲ್ಲ.

ತಪ್ಪು ತಿಳಿಯಬೇಡಿ. ‘ಕಾಂತಾರ’ ನನಗೆ ಈಗಲೂ ಇಷ್ಟ. ಅರಣ್ಯಾಧಿಕಾರಿಯನ್ನು ಸುಮ್ನೆ ಖಳನನ್ನಾಗಿ ಮಾಡದೆ, ಅವನಿಗೂ ಒಂದು ನ್ಯಾಯ ಇಟ್ಟಿದ್ದು ದೊಡ್ಡ ವಿಷಯ. ರಿಷಬ್ ಶೆಟ್ಟಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಇಲ್ಲಿ ನಾನೊಬ್ಬನೇ ಕುಣಿದವನು. ಆದರೆ ಆ ದೃಶ್ಯ ತೆಗೆದಿದ್ದರೆ ಸಿನಿಮಾಕ್ಕೆ ಏನೂ ಕಮ್ಮಿ ಆಗುತ್ತಿರಲಿಲ್ಲ. ಊರಿನ ಥಿಯೇಟರಿನಲ್ಲಿ ಇಂಥ ದೃಶ್ಯಕ್ಕೆ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಅದನ್ನು ಅಜ್ಜಿಗೆ ಹೇಳಿಲ್ಲ.

‘ಕಾಂತಾರ ಚಾಪ್ಟರ್ 1’ ಬಂದಾಗ (2025ರ ಅಕ್ಟೋಬರ್ 2) ಅಜ್ಜಿಯನ್ನು ಕಾಯದೆ ಮೊದಲ ದಿನವೇ ಹೋದೆ. ಯಾವ ಥಿಯೇಟರ್ ಅಂತ ಬೇಡ ಬಿಡಿ. ಟಿಕೆಟ್ ಮೇಲೆ ಕನ್ನಡ ಅಂತಲೇ ಇತ್ತು. ಲೈಟ್ ಆರಿತು, ಸಿನಿಮಾ ಶುರುವಾಯಿತು, ಎಲ್ಲರೂ ಹಿಂದಿ ಮಾತಾಡತೊಡಗಿದರು. ಎರಡು ನಿಮಿಷ ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ‘ರೀ, ಕನ್ನಡ ಹಾಕ್ರೀ!’ ಅಂತ ಒಂದು ಕೂಗು. ಓಡಿ ಬಂದ ಹುಡುಗನಿಗೆ ಇಪ್ಪತ್ತು ವರ್ಷ ಇರಬಹುದು, ಪಾಪ. ‘ಸಿನಿಮಾ ಅದೇ ಅಲ್ವಾ?’ ಅಂತ ಕೇಳಿದ. ನಮ್ಮ ಪಕ್ಕದ ಸಾಲಿನವರೊಬ್ಬರು ನಿಧಾನವಾಗಿ ಹೇಳಿದರು: ‘ಅದೇ. ನಿಮ್ಮ ಸಿನಿಮಾ ನಿಮಗೇ ಡಚ್‌ನಲ್ಲಿ ಹಾಕಿದರೆ ನೋಡ್ತೀರಾ?’ ಹುಡುಗನಿಗೆ ತಕ್ಷಣ ಅರ್ಥವಾಯಿತು. ಕನ್ನಡದ ಫೈಲ್ ಇತ್ತು, ಪಟ್ಟಿಯಲ್ಲಿ ಇನ್ನೊಂದನ್ನು ಸೇರಿಸಿದ್ದನಂತೆ. ಕಾಲು ಗಂಟೆಯಲ್ಲಿ ಸರಿ ಹೋಯಿತು. ಆಮೇಲೆ ಪರದೆಯ ಮೇಲೆ ‘ಮಧ್ಯಂತರ’ ಅಂತ ಬಂತು. ಎದ್ದು ನಿಂತೆವು. ಇಲ್ಲಿ ಸಾಮಾನ್ಯವಾಗಿ ಮಧ್ಯಂತರ ಕೊಡೋದಿಲ್ಲ, ಸಿನಿಮಾ ಹಾಗೇ ಓಡಿತು. ಎದ್ದವರೆಲ್ಲ ಮತ್ತೆ ಕೂತೆವು.

ಸಿನಿಮಾ? ಕಣ್ಣಿಗೆ ಹಬ್ಬ, ಅದರಲ್ಲಿ ಮಾತಿಲ್ಲ. ಅರವಿಂದ್ ಕಶ್ಯಪ್ ಕ್ಯಾಮೆರಾ, ಅಜನೀಶ್ ಲೋಕನಾಥ್ ಸಂಗೀತ ಎರಡೂ ಮೇಲ್ಮಟ್ಟದ್ದು. ಆದರೆ ಮೊದಲರ್ಧದ ಹಾಸ್ಯ ನನಗೆ ಹಿಡಿಸಲಿಲ್ಲ. ಮೊದಲ ‘ಕಾಂತಾರ’ದಲ್ಲಿ ಒಂದು ಊರು, ಒಂದು ಜಾಗದ ಜಗಳ ಇತ್ತು. ಆ ಊರಿನ ಪ್ರತಿಯೊಬ್ಬನ ಮುಖವೂ ನೆನಪಿದೆ. ಇಲ್ಲಿ ಅರಮನೆ, ರಥ, ಸೈನ್ಯ ಎಲ್ಲಾ ಇದೆ, ಮುಖಗಳು ನೆನಪಿಲ್ಲ. ರುಕ್ಮಿಣಿ ವಸಂತ್ ಒಬ್ಬರದ್ದು ಬಿಟ್ಟು.

ಅವರನ್ನು ನೆನೆದರೆ ‘ಸಪ್ತ ಸಾಗರದಾಚೆ ಎಲ್ಲೋ’ ಬಗ್ಗೆ ಹೇಳಲೇಬೇಕು. ಮೊದಲ ಭಾಗ ಸೈಡ್ ಎ 2023ರ ಸೆಪ್ಟೆಂಬರ್‌ನಲ್ಲಿ, ಎರಡನೆಯದು ಸೈಡ್ ಬಿ ನವೆಂಬರ್‌ನಲ್ಲಿ ಬಂತು. ಸೈಡ್ ಎ ನಿಧಾನ ಅಂತ ಬಯ್ಯುವವರಿದ್ದಾರೆ. ಜೈಲಿನಲ್ಲಿ ಇರುವವನ ಕಥೆ ಇನ್ನೇನು ಓಡಬೇಕಾ? ಮಾಡದ ತಪ್ಪನ್ನು ಒಪ್ಪಿಕೊಂಡು ಮನು ಒಳಗೆ ಹೋದ ಮೇಲೆ ಪ್ರಿಯಾ (ರುಕ್ಮಿಣಿ) ಅವನಿಗಾಗಿ ಅಲೆಯುತ್ತಾಳಲ್ಲ, ಅಲ್ಲಿ ಅಜ್ಜಿ ಪಾಸ್ ಒತ್ತಲೇ ಇಲ್ಲ. ಸೈಡ್ ಬಿಯಲ್ಲಿ ಒತ್ತಿದರು. ಜೈಲಿನಿಂದ ಬಂದ ಮನು, ಮದುವೆಯಾಗಿರುವ ಪ್ರಿಯಾಳ ಮನೆ ಹುಡುಕಿ, ಕದ್ದು ನೋಡುತ್ತಾ ಹಿಂದೆ ಬೀಳುವಲ್ಲಿ.

‘ಪೊಲೀಸರಿಗೆ ಫೋನ್ ಮಾಡೋದು ಯಾವಾಗ?’

ಅವರಿಗೆ ಟಾಟೋರ್ಟ್ ನೋಡಿ ಅಭ್ಯಾಸ. ಇವನೇ ಕೊಲೆಗಾರ ಅಂತ ಖಂಡಿತವಾಗಿ ನಂಬಿದ್ದರು. ನಗು ಬಂತು. ಆಮೇಲೆ ಅದೇ ದೃಶ್ಯವನ್ನು ಹಾಡು ಇಲ್ಲದೆ ಯೋಚಿಸಿ ನೋಡಿದೆ. ನಿರ್ದೇಶಕ ಹೇಮಂತ್ ರಾವ್ ಅವರಿಗೆ ಇದು ಗೊತ್ತಿಲ್ಲ ಅಂತಲ್ಲ. ಮನುವಿನ ತಲೆ ಸರಿಯಿಲ್ಲ ಅನ್ನೋ ಸುಳಿವು ಸಿನಿಮಾದಲ್ಲೇ ಇದೆ. ಆದರೆ ಸಂಗೀತ ಪ್ರತಿ ಸಲವೂ ಅವನ ಪರ ವಕಾಲತ್ತು ಮಾಡುತ್ತದೆ. ನನ್ನ ಲೆಕ್ಕದಲ್ಲಿ ಸೈಡ್ ಎ ಈ ಹತ್ತು ವರ್ಷದ ಒಳ್ಳೆಯ ಕನ್ನಡ ಸಿನಿಮಾಗಳಲ್ಲಿ ಒಂದು. ಸೈಡ್ ಬಿ ಅರ್ಧ ಗಂಟೆ ಜಾಸ್ತಿ.

ಹಾಸ್ಯ ಸಿನಿಮಾ ‘ಸು ಫ್ರಮ್ ಸೋ’ ನೋಡಿದ್ದು ಮನೆಯಲ್ಲಲ್ಲ. ನಮ್ಮವರು ಹಾಲ್ ಹಿಡಿದು ಹಾಕಿದ ಷೋ, ಅಜ್ಜಿಯನ್ನೂ ಕರೆದುಕೊಂಡು ಹೋಗಿದ್ದೆ. ಅವತ್ತು ಹಾಲ್‌ನಲ್ಲಿ ಪ್ರತಿ ಜೋಕಿಗೂ ಎರಡು ಸಲ ನಗು. ಮೊದಲು ನಾವು ನೂರು ಜನ, ಆಮೇಲೆ ಸಬ್‌ಟೈಟಲ್ ಓದಿ ಮುಗಿಸಿದ ಅಜ್ಜಿ ಒಬ್ಬರೇ. ಅವರ ನಗುವಿಗೆ ಮುಂದಿನ ಸಾಲಿನವರು ಮತ್ತೆ ನಗುತ್ತಿದ್ದರು. ಸಿನಿಮಾದ ರವಿಯಣ್ಣ ನಡೆದು ಬಂದರೆ ಮಾತ್ರ ಒಟ್ಟಿಗೇ ನಗು, ಅದಕ್ಕೆ ಸಬ್‌ಟೈಟಲ್ ಬೇಡ. ಮಂಗಳೂರು ಕಡೆಯ ಆ ‘ಮಾರಾಯ’ಕ್ಕೆ ಇಂಗ್ಲಿಷಿನಲ್ಲಿ ಏನು ಹಾಕ್ತೀರಿ ಹೇಳಿ. ಬೈಗುಳವೂ ಅದೇ, ಮುದ್ದೂ ಅದೇ, ಸುಸ್ತೂ ಅದೇ. ಜೆ.ಪಿ. ತುಮಿನಾಡ್ ಬರೆದ ಮಾತಿನ ಅರ್ಧ ರುಚಿ ಅಲ್ಲೇ ಸೋರಿ ಹೋಗುತ್ತದೆ, ಉಳಿದ ಅರ್ಧದಲ್ಲೇ ಅಜ್ಜಿ ಕಣ್ಣೊರೆಸಿಕೊಂಡು ನಕ್ಕರು.

ಇಲ್ಲೊಂದು ಹೊಟ್ಟೆಕಿಚ್ಚಿನ ವಿಷಯ ಹೇಳಿಬಿಡುತ್ತೇನೆ. ಇಂಗ್ಲಿಷಿಗೆ ಇರೋದು ಒಂದೇ ‘ಯು’. ಜರ್ಮನ್‌ಗೆ ನಮ್ಮ ಹಾಗೆ ಎರಡಿದೆ. ‘ಡು’ ಅಂದರೆ ನೀನು, ‘ಸೀ’ ಅಂದರೆ ನೀವು. ನಮ್ಮ ಸಿನಿಮಾದಲ್ಲಿ ಸಿಟ್ಟು ಬಂದವನು ‘ನೀವು’ ಬಿಟ್ಟು ‘ನೀನು’ಗೆ ಇಳಿದರೆ ಜರ್ಮನ್ ಸಬ್‌ಟೈಟಲ್‌ನಲ್ಲಿ ಅದನ್ನು ಹಾಗೇ ತರಬಹುದು. ಆದರೆ ಕನ್ನಡ ಸಿನಿಮಾ ಇಲ್ಲಿಗೆ ಬರೋದು ಇಂಗ್ಲಿಷಿನ ದಾರಿಯಲ್ಲಿ, ಆ ಏಟು ದಾರಿಯಲ್ಲೇ ಕಳೆದುಹೋಗುತ್ತದೆ. ಅಜ್ಜಿ ನನಗೆ ಒಂದು ವರ್ಷ ‘ಸೀ’ ಅಂತಲೇ ಹೇಳುತ್ತಿದ್ದರು. ‘ಡು’ ಅನ್ನಲು ಹಿರಿಯರೇ ಮೊದಲು ಮುಂದಾಗಬೇಕು. ಅವರು ಮುಂದಾಗಿದ್ದು ‘ಸು ಫ್ರಮ್ ಸೋ’ ಮುಗಿಸಿ ಟ್ರಾಮ್‌ನಲ್ಲಿ ಬರುವಾಗ. ಹಾಗೆ ‘ನೀನು’ ಅಂದ ಮೊದಲ ಪ್ರಶ್ನೆಯೇ ಇದು: ‘ಸಿನಿಮಾದ ಆ ಹುಡುಗ ಸ್ನಾನದ ಮನೆ ಇಣುಕಿದ್ದನ್ನು ಊರಿನವರು ಮರೆತೇಬಿಟ್ಟರಲ್ಲ, ನೀನೂ ಮರೆತೆಯಾ?’ ಮರೆತಿದ್ದೆ.

ಒಂದು ವರ್ಷ ಅಂದೆನಾ? ಎರಡೂವರೆ ಆಗಿತ್ತು. ಇಲ್ಲಿ ದಿನ ಹೋಗೋದು ತಿಳಿಯೋದಿಲ್ಲ.

ಅಜ್ಜಿ ಜರ್ಮನ್ ಸಿನಿಮಾಗಳನ್ನು ಸುಮ್ನೆ ಬಿಡುತ್ತಾರೆ ಅಂತಲ್ಲ. 2022ರ ‘ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್’ಗೆ ನಾಲ್ಕು ಆಸ್ಕರ್ ಬಂದಿದೆ. ನಾನು ಬೆರಗಾಗಿ ನೋಡಿದ್ದೆ. ಹಿನ್ನೆಲೆ ಸಂಗೀತದ ಆ ಮೂರು ಸ್ವರದ ಗುಡುಗು ಎರಡು ದಿನ ಕಿವಿಯಲ್ಲಿತ್ತು. ಅಜ್ಜಿ ಮುಖ ಸಿಂಡರಿಸಿದರು. ಸಿನಿಮಾಕ್ಕೆ ಮೂಲವಾದ ರೆಮಾರ್ಕ್ ಕಾದಂಬರಿಯನ್ನು ಅವರು ಶಾಲೆಯಲ್ಲೇ ಓದಿದವರು. ಯುದ್ಧಕ್ಕೆ ಹೋದ ಹುಡುಗ ರಜೆಯಲ್ಲಿ ಮನೆಗೆ ಬಂದು, ಮನೆಯವರ ಹತ್ತಿರ ಮಾತಾಡಲು ಆಗದೆ ಒದ್ದಾಡುವ ಭಾಗವೇ ಆ ಪುಸ್ತಕದ ಜೀವ ಅಂತಾರೆ. ಸಿನಿಮಾದಲ್ಲಿ ಅದೇ ಇಲ್ಲ. ಬದಲಿಗೆ ರೈಲಿನಲ್ಲಿ ಕದನವಿರಾಮದ ಮಾತುಕತೆ ಸೇರಿಸಿದ್ದಾರೆ. ‘ಅಮ್ಮನನ್ನು ತೆಗೆದು ಮಂತ್ರಿಯನ್ನು ಹಾಕಿದರು’ ಅಂದರು. ವಾದ ಮಾಡಲು ಹೋಗಿ ಸೋತೆ.

ಡಬ್ಬಿಂಗ್ ವಿಷಯದಲ್ಲಿ ಮಾತ್ರ ಇಬ್ಬರೂ ಸೋಲೋದಿಲ್ಲ. ನಾನು ಬೆಳೆದದ್ದು ಡಬ್ಬಿಂಗ್ ಬಾಗಿಲು ಮುಚ್ಚಿದ್ದ ಕರ್ನಾಟಕದಲ್ಲಿ. 2015ರಲ್ಲಿ ಸ್ಪರ್ಧಾ ಆಯೋಗ ಅದು ತಪ್ಪು ಅಂತ ಹೇಳಿದ ಮೇಲೆ ತಾನೇ ಬಾಗಿಲು ತೆರೆದದ್ದು. ಇಲ್ಲಿ ಹಾಲಿವುಡ್ ಸಿನಿಮಾಗಳೆಲ್ಲ ಹೆಚ್ಚಾಗಿ ಡಬ್. ಶ್ವಾರ್ಟ್ಸನೆಗರ್‌ಗೂ ಸ್ಟಲೋನ್‌ಗೂ ಬಹಳ ವರ್ಷ ಒಬ್ಬರೇ ಧ್ವನಿ ಕೊಟ್ಟಿದ್ದಾರೆ, ಥಾಮಸ್ ಡಾನೆಬರ್ಗ್ ಅಂತ. ಶ್ವಾರ್ಟ್ಸನೆಗರ್ ಹುಟ್ಟಿದ್ದೇ ಆಸ್ಟ್ರಿಯಾದಲ್ಲಿ, ಅವರ ಮಾತೃಭಾಷೆಯೇ ಜರ್ಮನ್! ಆದರೂ ಇನ್ನೊಬ್ಬರ ದನಿ. ಇದನ್ನು ಹೇಳಿ ನಾನು ನಕ್ಕರೆ ಅಜ್ಜಿ ನಗೋದಿಲ್ಲ. ಅವರಿಗೆ ಅದೇ ನಿಜವಾದ ದನಿ.

ಹೀಗಾಗಿ ‘ಅಡೋಲೆಸೆನ್ಸ್’ ಮೊದಲು ನೋಡಿದ್ದು ಜರ್ಮನ್‌ನಲ್ಲಿ. 2025ರ ಬ್ರಿಟಿಷ್ ಸರಣಿ. ನಾಲ್ಕೇ ಕಂತು, ಒಂದೊಂದು ಕಂತೂ ಕಟ್ ಇಲ್ಲದ ಒಂದೇ ಶಾಟ್. ಸಹಪಾಠಿ ಹುಡುಗಿಯನ್ನು ಕೊಂದ ಆರೋಪದ ಮೇಲೆ 13 ವರ್ಷದ ಹುಡುಗನನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ. ಮೂರನೇ ಕಂತಿನಲ್ಲಿ ಹೆಚ್ಚಿನ ಹೊತ್ತು ಒಂದು ಕೋಣೆ, ಒಂದು ಮೇಜು, ಆ ಹುಡುಗ, ಅವನನ್ನು ಮಾತಾಡಿಸಲು ಬಂದ ಮನಶ್ಶಾಸ್ತ್ರಜ್ಞೆ. ಅವಳು ತಂದ ಹಾಟ್ ಚಾಕೊಲೇಟ್ ಕಪ್ಪನ್ನು ಅವನು ಒಂದು ಕ್ಷಣದಲ್ಲಿ ಎಸೆಯುತ್ತಾನೆ, ಮರುಕ್ಷಣ ಮತ್ತೆ ಮಗು. ಓವನ್ ಕೂಪರ್ ಅನ್ನೋ ಆ ಹುಡುಗನಿಗೆ 15ನೇ ವಯಸ್ಸಿಗೇ ಎಮ್ಮಿ ಬಂತು, ಬರಲೇಬೇಕಿತ್ತು. ಎರಡನೇ ಕಂತು ನನಗೆ ಹಿಡಿಸಲಿಲ್ಲ. ಶಾಲೆಯ ಒಳಗೆಲ್ಲಾ ಕ್ಯಾಮೆರಾ ಓಡುತ್ತದೆ, ಓಡಬಲ್ಲೆ ಅಂತ ತೋರಿಸಲು. ಮೂರನೇದರಲ್ಲಿ ಕ್ಯಾಮೆರಾ ಇದೆ ಅನ್ನೋದೇ ಮರೆತುಹೋಯಿತು.

ಆ ಕಂತನ್ನು ಮೂಲದಲ್ಲೇ ಮತ್ತೆ ಹಾಕೋಣ ಅಂತ ಒತ್ತಾಯ ಮಾಡಿದೆ. ಹುಡುಗ ಮಾತಿಗೆ ಮುಂಚೆ ಉಸಿರು ಎಳೆದುಕೊಳ್ಳೋದು ಡಬ್‌ನಲ್ಲಿ ಇರಲಿಲ್ಲ. ಅಜ್ಜಿ ಒಪ್ಪಿದರು. ಒಮ್ಮೆಯೂ ಪಾಸ್ ಒತ್ತದೆ ನೋಡಿದರು. ಮುಗಿದ ಮೇಲೆ ತುಂಬಾ ಹೊತ್ತು ಬಿಟ್ಟು, ‘ಆ ಸೊಂಟ ಚಿವುಟಿದವನಿಗೆ ಎಷ್ಟು ವಯಸ್ಸು ಅಂದೆ?’ ಅಂತ ಕೇಳಿದರು.

ನನಗೆ ಸ್ವಲ್ಪ ಸಿಟ್ಟೇ ಬಂತು. ಎಲ್ಲವನ್ನೂ ನಮ್ಮ ತಲೆಗೇ ಕಟ್ಟಬೇಕಾ? ‘ಹಾಗಾದರೆ ನಿಮ್ಮ ಟಾಟೋರ್ಟ್‌ನಲ್ಲಿ ಮೊದಲ ಐದು ನಿಮಿಷಕ್ಕೆ ಹೆಣ ಬೀಳುತ್ತಲ್ಲ’ ಅಂದೆ. ‘ಯಾಕೆ ಅಷ್ಟು ಸಲ ಚಿಕ್ಕ ವಯಸ್ಸಿನ ಹೆಂಗಸೇ? ಅದೂ ಲೈಟ್ ಹಾಕಿ, ಕೂದಲು ಚೆನ್ನಾಗಿ ಹರಡಿ?’ ಅಜ್ಜಿ ಬಾಯಿ ತೆರೆದರು, ಮುಚ್ಚಿದರು. ಅವತ್ತು ಮಾತು ಅಲ್ಲಿಗೇ ನಿಂತಿತು.

ಅದಾದ ಮೇಲೆ ಬಂದ ಭಾನುವಾರ. 8.15. ಆ ಹಳೆಯ ಶೀರ್ಷಿಕೆ ಬಂತು, ಕಣ್ಣು, ಗುರಿ ಇಡುವ ವೃತ್ತ, ಓಡುವ ಕಾಲು. ನಂತರ ಮಂಜು ಮುಸುಕಿದ ಕಾಡು, ಒಂದು ನಾಯಿ, ಎಲೆಯ ಕೆಳಗೆ ಒಂದು ಬೂಟು. ಅಜ್ಜಿ ಪಾಸ್ ಒತ್ತಿದರು. ತಮ್ಮದೇ ಸರಣಿಗೆ ಅವರು ಪಾಸ್ ಒತ್ತಿದ್ದು ನಾನು ನೋಡಿದ ಹಾಗೆ ಇದೇ ಮೊದಲು. ಕನ್ನಡಕ ಸರಿ ಮಾಡಿಕೊಂಡು ಪರದೆಯ ಹತ್ತಿರ ಬಗ್ಗಿ ಆ ಬೂಟನ್ನು ನೋಡಿದರು.

‘ಗಂಡಸು’ ಅಂದರು ನನ್ನ ಕಡೆ ತಿರುಗಿ, ಗೆದ್ದವರ ಹಾಗೆ. ಮತ್ತೆ ಪ್ಲೇ ಒತ್ತಿ ವಾಲ್ಯೂಮ್ ಜಾಸ್ತಿ ಮಾಡಿದರು.