ಕಾರವಾರದ ಹಸಿ ಮರಳಿನ ಮೇಲೆ ಪಾಸ್ಕಲ್‌ನ ಗೆರೆ

ದೀರ್ಘವೃತ್ತದ ಮೇಲೆ ಬೇಕಾದ ಕಡೆ ಆರು ಬಿಂದು ಇಡಿ. 1ರಿಂದ 6ರ ತನಕ ಸಂಖ್ಯೆ ಕೊಟ್ಟು, ಅದೇ ಕ್ರಮದಲ್ಲಿ ಗೆರೆ ಎಳೆಯುತ್ತ ಹೋಗಿ, 6ನ್ನು ಮತ್ತೆ 1ಕ್ಕೆ ಸೇರಿಸಿ. ಈಗ 12 ಮತ್ತು 45, 23 ಮತ್ತು 56, 34 ಮತ್ತು 61 ಎದುರುಬದುರಿನ ಬಾಹುಗಳು. ಒಂದೊಂದು ಜೋಡಿಯನ್ನು, ಬೇಕಿದ್ದರೆ ಗೆರೆ ಮುಂದುವರಿಸಿ, ಕೂಡುವ ಜಾಗ ಗುರುತಿಸಿದರೆ ಸಿಗುವ ಮೂರು ಬಿಂದುಗಳು ಒಂದೇ ಸರಳರೇಖೆಯ ಮೇಲೆ ಬಂದು ಕೂರುತ್ತವೆ. ಫ್ರೆಂಚ್ ಗಣಿತಜ್ಞ ಬ್ಲೇಸ್ ಪಾಸ್ಕಲ್ ಈ ಪ್ರಮೇಯವನ್ನು 1640ರಲ್ಲಿ, ಹದಿನಾರರ ಹರೆಯದಲ್ಲಿ ಅಚ್ಚು ಹಾಕಿಸಿದ.

ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಗೆರೆಯ ದಪ್ಪವೇ ತಪ್ಪನ್ನು ಮುಚ್ಚಿಬಿಡುತ್ತದೆ. ಟಾಗೋರ್ ಕಡಲತೀರದಲ್ಲಿ ಇಳಿತದ ಹೊತ್ತಿಗೆ ಬಿಗಿಯಾಗಿರುವ ಹಸಿ ಮರಳು ಇದಕ್ಕೆ ಹೇಳಿ ಮಾಡಿಸಿದ ಹಲಗೆ. ಒಣ ಮರಳು ಬೇಡ, ಗೆರೆಯ ಅಂಚು ಕುಸಿಯುತ್ತದೆ.

240 ಸೆಂ.ಮೀ. ಅಂತರದಲ್ಲಿ ಎರಡು ಗೂಟ ಹೊಡೆಯಿರಿ. ಅವೇ ನಾಭಿಗಳು, ಅಂದರೆ ದೀರ್ಘವೃತ್ತ ಎಳೆಯಲು ಆಧಾರವಾಗುವ ಎರಡು ಸ್ಥಿರ ಬಿಂದುಗಳು. ಗಂಟಿನಿಂದ ಗಂಟಿಗೆ ಸರಿಯಾಗಿ 300 ಸೆಂ.ಮೀ. ಉಳಿಯುವಂತೆ ದಾರ ಕಟ್ಟಿ. ಗಂಟು ಹಾಕಿದ ಮೇಲೇ ಅಳೆಯಬೇಕು. ದಾರವನ್ನು ಕಡ್ಡಿಯಿಂದ ಬಿಗಿಹಿಡಿದು ಮೊದಲು ಒಂದು ಬದಿ, ಆಮೇಲೆ ಇನ್ನೊಂದು ಬದಿ ಎಳೆಯಿರಿ. ವಕ್ರರೇಖೆ ಗೂಟಗಳ ಆಚೆ 30 ಸೆಂ.ಮೀ., ನಡುವಿನಿಂದ ಮೇಲಕ್ಕೂ ಕೆಳಕ್ಕೂ 90 ಸೆಂ.ಮೀ. ಹೋಗಿದ್ದರೆ ಸರಿ.

ಕತ್ತದ ಹಗ್ಗ ಇಲ್ಲಿ ಕೈಕೊಡುತ್ತದೆ. ಜಗ್ಗಿ 6 ಸೆಂ.ಮೀ. ಹಿಗ್ಗಿದರೂ ಆ 90 ಹೋಗಿ ಸುಮಾರು 95 ಆಗುತ್ತದೆ. ಕೊನೆತನಕ ಒಂದೇ ಸಮ ಹಿಗ್ಗಿದರೆ ಅದೂ ದೀರ್ಘವೃತ್ತವೇ, ತೊಂದರೆಯಿಲ್ಲ. ಒಂದು ಕಡೆ ಜಗ್ಗಿ ಇನ್ನೊಂದು ಕಡೆ ಸಡಿಲ ಬಿಟ್ಟರೆ ಬರುವುದು ಬರೀ ಮೊಟ್ಟೆಯಾಕಾರ, ಅದರ ಮೇಲೆ ಪ್ರಮೇಯ ನಿಲ್ಲುವುದಿಲ್ಲ. ಹಿಗ್ಗದ ಗಟ್ಟಿ ನೈಲಾನ್ ದಾರವೇ ಒಳ್ಳೆಯದು.

ಇನ್ನು ಹೆಚ್ಚಿನವರು ಎಡವುವ ಜಾಗ. ಆರೂ ಬಿಂದುಗಳನ್ನು ಸಮಸಮವಾಗಿ ಇಟ್ಟು ಸುತ್ತಲೂ ಸಾಲಾಗಿ ಸಂಖ್ಯೆ ಕೊಡುತ್ತಾರೆ. ಆಗ ಎದುರಿನ ಬಾಹುಗಳು ಸಮಾಂತರವಾಗಿ ಕೂಡುವುದೇ ಇಲ್ಲ, ಇಲ್ಲವೇ ಕೂಡುವ ಜಾಗ ಕಡಲೊಳಗೆ ಬೀಳುತ್ತದೆ. ಅದಕ್ಕೇ ಮೇಲಿನ ಬದಿಯಲ್ಲಿ ಎಡದಿಂದ ಬಲಕ್ಕೆ 1, 5, 3, ಕೆಳಬದಿಯಲ್ಲಿ 4, 2, 6 ಎಂದು ಬರೆಯಿರಿ. ಷಡ್ಭುಜ ಅಡ್ಡಾದಿಡ್ಡಿ ಹೆಣೆದುಕೊಳ್ಳುತ್ತದೆ, ಮೂರು ಸಂಧಿಗಳೂ ಒಳಗೇ ಸಿಗುತ್ತವೆ. ಎರಡು ತುದಿಯ ಸಂಧಿಗಳಿಗೆ ದಾರ ಬಿಗಿದು ನೋಡಿ, ನಡುವಿನದು ದಾರದ ಕೆಳಗೇ ಇರಬೇಕು. ಬೆರಳಗಲಕ್ಕಿಂತ ಹೆಚ್ಚು ಸರಿದಿದ್ದರೆ ಮೊದಲು ಬಾಹುಗಳನ್ನು ಪರೀಕ್ಷಿಸಿ, ಆಮೇಲೆ ವಕ್ರರೇಖೆಯನ್ನು.

ಕಾರಣ ತಿಳಿಯಲು ಒಂದು ಬಳೆ, ಮೊಬೈಲ್ ಟಾರ್ಚ್ ಸಾಕು. ಬಳೆಯನ್ನು ಓರೆ ಮಾಡಿದರೆ ಗೋಡೆಯ ಮೇಲಿನ ನೆರಳು ದೀರ್ಘವೃತ್ತ. ಬಳೆಗೆ ಅಡ್ಡ ಕಟ್ಟಿದ ನೂಲಿನ ನೆರಳು ಮಾತ್ರ ನೆಟ್ಟಗೇ ಇರುತ್ತದೆ, ಎರಡು ನೂಲು ಕೂಡುವಲ್ಲಿ ನೆರಳುಗಳೂ ಕೂಡುತ್ತವೆ. ಹಾಗಾಗಿ ವೃತ್ತಕ್ಕೆ ಸಾಧಿಸಿದ್ದು ದೀರ್ಘವೃತ್ತಕ್ಕೂ, ಇಂಥದೇ ನೆರಳಿನಲ್ಲಿ ಬರುವ ತೆರೆದ ವಕ್ರರೇಖೆಗಳಾದ ಪರವಲಯ, ಅತಿಪರವಲಯಗಳಿಗೂ ಸಲ್ಲುತ್ತದೆ.

ನೀರು ಏರುವ ಮುನ್ನ ಹೊತ್ತಿದ್ದರೆ ಅವೇ ಆರು ಬಿಂದುಗಳಿಗೆ ಸಂಖ್ಯೆ ಬದಲಿಸಿ ನೋಡಿ. ಬೇರೆ ಬೇರೆ ಷಡ್ಭುಜಗಳು ಒಟ್ಟು 60, ಒಂದೊಂದಕ್ಕೂ ಅದರದೇ ಗೆರೆ.