ತೆಂಗಿನೆಣ್ಣೆಯ ಥರ್ಮಾಮೀಟರು

ಆಯಿ, ಅಂದರೆ ನನ್ನಮ್ಮ, ಕುಮಟಾದಿಂದ ದಿನಾ ಫೋನ್ ಮಾಡುತ್ತಾಳೆ. ನವೆಂಬರ್ ಅರ್ಧ ಕಳೆಯಿತು ಅಂದರೆ ಅವಳ ಮೊದಲ ಪ್ರಶ್ನೆ ಊಟದ್ದೂ ಅಲ್ಲ, ಮಗನ ಶಾಲೆಯದ್ದೂ ಅಲ್ಲ. “ಎಣ್ಣೆ ಗಟ್ಟಿ ಆತನೇ?”

ಪ್ರತಿ ವರ್ಷ ದೀಪಾವಳಿಗೆ ಹೋದಾಗ ಊರಿನ ಗಾಣದ ತೆಂಗಿನೆಣ್ಣೆ ಕಟ್ಟಿ ಕೊಡುತ್ತಾಳೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಚಳಿ ಅಳೆಯೋದು ಈ ಬಾಟಲಿಯೇ. ಕುಮಟಾದಲ್ಲಿ ಜನವರಿಯ ಕೆಲವು ಬೆಳಿಗ್ಗೆ ಮಾತ್ರ ತಳದಲ್ಲಿ ಸ್ವಲ್ಪ ಬೆಳ್ಳಗೆ ಕೂರುತ್ತಿತ್ತು, ಅಷ್ಟೇ. ಮದುವೆಯಾಗಿ ಮುಂಬೈಗೆ ಬಂದೆ. ಮುಲುಂಡ್‌ನ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ನೋಡಿದರೆ ಪೂರ್ತಿ ಬಿಳಿ. ಕಿಟಕಿಯ ಹತ್ತಿರ ಇಟ್ಟರೆ ಹತ್ತು ಗಂಟೆಗೆ ಮತ್ತೆ ನೀರು. ಈಗ ಪುಣೆಯ ಪಾಷಾಣ್‌ನಲ್ಲಿದ್ದೇವೆ. ಇಲ್ಲಿ ಡಿಸೆಂಬರ್, ಜನವರಿ ಎರಡೂ ತಿಂಗಳು ಎಣ್ಣೆ ಅಂದರೆ ಕಲ್ಲು. ನಮ್ಮವರು ಚಮಚದ ಹಿಡಿಯಿಂದ ಕೆತ್ತಿ ಕೆತ್ತಿ ತಲೆಗೆ ಹಚ್ಚಿಕೊಳ್ಳುತ್ತಾರೆ. ಎರಡು ಚಮಚ ಬಾಗಿ ಹೋಗಿವೆ.

ಅವರು ಧಾರವಾಡದವರು. ಮುಂಬೈಯಲ್ಲಿದ್ದ ಹನ್ನೊಂದು ವರ್ಷವೂ ನನ್ನ ಚಳಿಯನ್ನು ಗೇಲಿ ಮಾಡಿದ್ದೇ ಮಾಡಿದ್ದು. ನಾನು ಶಾಲು ಹೊದ್ದು ಟೀ ಕುಡಿಯುತ್ತಿದ್ದರೆ, ಬನಿಯನ್‌ನಲ್ಲಿ ನಿಂತು “ಇದಕ್ಕ ನೀ ಥಂಡಿ ಅಂತೀಯೇನು?” ಅನ್ನೋರು. ನಾನೊಬ್ಬಳೇ ಏನಲ್ಲ ಬಿಡಿ. ಪಾದರಸ 16 ಡಿಗ್ರಿಗೆ ಇಳಿದರೆ ಸಾಕು, ಮರಾಠಿ ಪೇಪರಿನಲ್ಲಿ ‘ಹುಡಹುಡಿ’, ಅಂದರೆ ಗಡಗಡ ನಡುಕ, ಅಂತ ದಪ್ಪ ಅಕ್ಷರ ಬರುತ್ತದೆ. ಬೆಳಗಿನ ಲೋಕಲ್‌ನಲ್ಲಿ ಮಂಕಿ ಕ್ಯಾಪುಗಳ ಸಾಲು. ನನ್ನ ಆಫೀಸು ಮುಂಬೈಯ ದಕ್ಷಿಣ ತುದಿಯ ಕೋಟೆ ಭಾಗದಲ್ಲಿತ್ತು. ಮುಲುಂಡ್‌ನಲ್ಲಿ ಹೊದ್ದ ಶಾಲು ಕುರ್ಲಾ ದಾಟುವಾಗ ಹೆಗಲಿಗೆ ಬರೋದು, ಕೊನೆಯ ಸ್ಟೇಷನ್ ಸಿಎಸ್‌ಟಿಯಲ್ಲಿ ಬ್ಯಾಗಿನೊಳಗೆ. ಒಂದೇ ಊರಿನೊಳಗೆ ಇಷ್ಟು ವ್ಯತ್ಯಾಸ ಯಾಕೆ ಅಂತ ಆಗ ಯೋಚಿಸಿರಲಿಲ್ಲ. ಜನ ತುಂಬಿದ ಡಬ್ಬಿ, ಸೆಕೆ ಆಗುತ್ತದೆ ಅಂದುಕೊಂಡಿದ್ದೆ.

ಆಮೇಲೆ ಗೊತ್ತಾಯಿತು. ಮುಂಬೈಯಲ್ಲಿ ಹವಾಮಾನ ಇಲಾಖೆಯ ಎರಡು ಮುಖ್ಯ ಕೇಂದ್ರಗಳಿವೆ, ದಕ್ಷಿಣ ತುದಿಯಲ್ಲಿ ಕೊಲಾಬಾ, ಉತ್ತರಕ್ಕೆ ಸಾಂತಾಕ್ರೂಜ್. ಎರಡರ ನಡುವೆ ಸುಮಾರು 25 ಕಿಲೋಮೀಟರ್. 1962ರ ಜನವರಿ 22ರಂದು ಸಾಂತಾಕ್ರೂಜ್‌ನಲ್ಲಿ 7.4 ಡಿಗ್ರಿ, ಅದು ಅಲ್ಲಿಯ ದಾಖಲೆ. ಅದೇ ದಿನ ಕೊಲಾಬಾದಲ್ಲಿ 11.7. ಕೊಲಾಬಾ ಅಂದರೆ ಮೂರು ಕಡೆ ನೀರು, ಸಣ್ಣ ನಾಲಿಗೆಯ ಹಾಗೆ ಸಮುದ್ರದೊಳಗೆ ಚಾಚಿಕೊಂಡ ನೆಲ. ಅಷ್ಟು ಚಳಿ ಬಿದ್ದ ದಿನವೂ ಸಮುದ್ರ ಅದನ್ನು ಕೈಬಿಡಲಿಲ್ಲ.

ಪುಣೆಗೆ ಬಂದ ಮೊದಲ ಚಳಿಗಾಲದಲ್ಲಿ ನಾನು ಗಡಗಡ ನಡುಗಿದಾಗ ನಮ್ಮವರು ವಿವರಿಸಿದ್ದು ಹೀಗೆ: ಪುಣೆ ಎತ್ತರದಲ್ಲಿದೆ, 560 ಮೀಟರ್, ಅದಕ್ಕೇ ಚಳಿ. ನಾನೂ ತಲೆ ಆಡಿಸಿದೆ. ಆದರೆ ಪೇಪರಿನಲ್ಲಿ ದಿನಾ ಎರಡೂ ಊರಿನ ಅಂಕಿ ನೋಡೋದು ನನಗೆ ಚಟ. ಅಲ್ಲೇ ಸಿಕ್ಕಿಬಿದ್ದರು. ಜನವರಿಯಲ್ಲಿ ಮುಂಬೈಯ ಮಧ್ಯಾಹ್ನ 30-31. ಪುಣೆಯ ಮಧ್ಯಾಹ್ನವೂ ಹೆಚ್ಚುಕಡಿಮೆ 30! ಬೆಳಗಿನ ಜಾವ ಮಾತ್ರ ಕೊಲಾಬಾದಲ್ಲಿ 19ರ ಆಸುಪಾಸು, ಸಾಂತಾಕ್ರೂಜ್‌ನಲ್ಲಿ 17, ಪುಣೆಯಲ್ಲಿ 11. ಎತ್ತರ ಒಂದೇ ಕಾರಣವಾಗಿದ್ದರೆ ಹಗಲೂ ತಂಪಾಗಿರಬೇಕಿತ್ತಲ್ವಾ? ಇನ್ನೂ ಒಂದು ಹೇಳಿದೆ: “ನಿಮ್ಮ ಧಾರವಾಡ ಪುಣೆಗಿಂತ ಎತ್ತರ. ಥಂಡಿ ಮಾತ್ರ ಪುಣೆಯಲ್ಲೇ ಜಾಸ್ತಿ.” ಅವರು ಪೇಪರ್ ಮಡಚಿಟ್ಟು ಸ್ನಾನಕ್ಕೆ ಹೋದರು.

ಎತ್ತರಕ್ಕೆ ಏನೂ ಪಾಲಿಲ್ಲ ಅಂತಲ್ಲ. ಆದರೆ ದೊಡ್ಡ ಪಾಲು ನೆಲ ಮತ್ತು ನೀರಿನದು. ನನಗೆ ಅದು ಅರ್ಥವಾಗಿದ್ದು ಬಚ್ಚಲ ಹಂಡೆ ಮತ್ತು ದೋಸೆ ಕಾವಲಿಯಿಂದ. ಕಾವಲಿ ಬೇಗ ಕಾಯುತ್ತದೆ, ಒಲೆ ಆರಿಸಿದರೆ ಬೇಗ ತಣಿಯುತ್ತದೆ. ಹಂಡೆ ನೀರು ಕಾಯೋಕೆ ಗಂಟೆ ಬೇಕು, ಬೆಂಕಿ ಆರಿದ ಮೇಲೂ ರಾತ್ರಿವರೆಗೆ ಬೆಚ್ಚಗೆ. ಒಣ ಮಣ್ಣಿಗೆ ಹೋಲಿಸಿದರೆ ಅಷ್ಟೇ ತೂಕದ ನೀರಿಗೆ ಒಂದು ಡಿಗ್ರಿ ಏರೋಕೆ 4-5 ಪಟ್ಟು ಶಾಖ ಬೇಕು. ಜೊತೆಗೆ ಅಲೆಗಳು ಮೇಲಿನ ನೀರನ್ನು ಕೆಳಗಿನದರ ಜೊತೆ ಕಲೆಸುತ್ತಲೇ ಇರುತ್ತವೆ. ಹಾಗಾಗಿ ಜನವರಿಯಲ್ಲೂ ಮುಂಬೈ ಎದುರಿನ ಸಮುದ್ರ 25 ಡಿಗ್ರಿ ಸುಮಾರು ಇರುತ್ತದೆ. ಅಷ್ಟು ದೊಡ್ಡ ಹಂಡೆ ಪಕ್ಕದಲ್ಲಿದ್ದರೆ ಊರು ಎಲ್ಲಿಂದ ತಣಿಯಬೇಕು?

ಇನ್ನೊಂದು, ಗಾಳಿಯಲ್ಲಿರೋ ತೇವ. ರಾತ್ರಿ ನೆಲದ ಕಾವು ಮೇಲಕ್ಕೆ ಹೋಗುವಾಗ ಈ ತೇವ ಅದನ್ನು ಅಷ್ಟಿಷ್ಟು ತಡೆದು ವಾಪಸ್ ಕಳಿಸುತ್ತದೆ. ಅತ್ತೆ ಧಾರವಾಡದಿಂದ ಬಂದಾಗ “ಥಂಡಿ ಅದ, ಕೌದಿ ಹೊತ್ಕೊಳ್ಳವಾ” ಅಂತ ನನ್ನ ಮೇಲೆ ಕೌದಿ ಎಳೆಯುತ್ತಾರಲ್ಲ, ಅದೇ ಲೆಕ್ಕ. ಮುಂಬೈಗೆ ರಾತ್ರಿಯಿಡೀ ಕೌದಿ ಇದೆ. ಪುಣೆಯ ಚಳಿಗಾಲದ ಆಕಾಶ ಬರಿ ಮೈ. ಮೋಡ ಇಲ್ಲ, ತೇವ ಇಲ್ಲ, ಹಗಲು ಗಳಿಸಿದ್ದೆಲ್ಲ ರಾತ್ರಿ ಖರ್ಚು. ತುಟಿ ಒಡೆಯೋದೂ ಇಲ್ಲೇ, ಬಟ್ಟೆ ಎರಡು ಗಂಟೆಯಲ್ಲಿ ಹಪ್ಪಳದ ಹಾಗೆ ಒಣಗೋದೂ ಇಲ್ಲೇ.

ಪುಣೆಯ ಚಳಿ ಎಲ್ಲ ಕಡೆ ಒಂದೇ ಥರ ಕೂರುವುದಿಲ್ಲ. ಇದು ನನ್ನ ಸ್ಕೂಟರು ಕಲಿಸಿದ ಪಾಠ. ಮಗನನ್ನು ಆರೂವರೆಗೆ ಶಾಲೆಗೆ ಬಿಡಲು ಹೋಗುತ್ತೇನೆ. ದಾರಿಯಲ್ಲಿ ಒಂದು ಇಳಿಜಾರು, ಕೆಳಗೆ ಹಳ್ಳ. ಮೇಲಿರುವಾಗ ಏನೂ ಅನಿಸುವುದಿಲ್ಲ. ಹಳ್ಳದ ಹತ್ತಿರ ಇಳಿಯುತ್ತಿದ್ದ ಹಾಗೆ ಮೊಣಕಾಲಿಗೆ ತಣ್ಣೀರು ಸುರಿದ ಹಾಗೆ. ಹಿಂದೆ ಕೂತ ಮಗ ನನ್ನ ಜಾಕೆಟ್ಟಿನೊಳಗೆ ಎರಡೂ ಕೈ ತುರುಕುತ್ತಾನೆ. ಆಚೆ ಏರು ಹತ್ತಿದರೆ ಮತ್ತೆ ಹಿತ. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ಗುಡ್ಡದಿಂದ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಮಧ್ಯಾಹ್ನ ಅದೇ ಹುಡುಗ ಸ್ವೆಟರ್ ಸೊಂಟಕ್ಕೆ ಕಟ್ಟಿಕೊಂಡು ಬೆವರುತ್ತಾ ಬರುತ್ತಾನೆ. ಈ ವರ್ಷ ಇಲ್ಲಿಯವರೆಗೆ ಎರಡು ಸ್ವೆಟರ್ ಕಳೆದಿದ್ದಾನೆ. ಮುಂಬೈಯಲ್ಲಿದ್ದರೆ ಕಳೆಯೋಕೆ ಸ್ವೆಟರೇ ಇರುತ್ತಿರಲಿಲ್ಲ.

ಶಿವಾಜಿನಗರದಲ್ಲಿ ‘ಶಿಮ್ಲಾ ಆಫೀಸ್’ ಅಂತ ಒಂದು ಚೌಕ ಇದೆ. ಮೊದಲು ಕೇಳಿದಾಗ ಚಳಿಗೇ ಈ ಹೆಸರು ಇಟ್ಟಿರಬೇಕು ಅಂದುಕೊಂಡಿದ್ದೆ. ಅಲ್ಲ. 1928ರಲ್ಲಿ ಹವಾಮಾನ ಇಲಾಖೆಯ ಮುಖ್ಯ ಕಚೇರಿ ಶಿಮ್ಲಾದಿಂದ ಅಲ್ಲಿಗೆ ಬಂತು, ಜೊತೆಗೆ ಹೆಸರೂ ಬಂತು. ಕಚೇರಿ ಬಂದು ಏಳು ವರ್ಷಕ್ಕೆ, 1935ರ ಜನವರಿಯಲ್ಲಿ, ಪುಣೆಯಲ್ಲಿ 1.7 ಡಿಗ್ರಿ ದಾಖಲಾಯಿತು. ಶಿಮ್ಲಾದಿಂದ ಬಂದವರು ಅವತ್ತು ಏನಂದುಕೊಂಡರೋ.

ಅಡುಗೆಮನೆಯ ಕಥೆ ಬೇರೆ. ಪುಣೆಗೆ ಬಂದ ಮೊದಲ ಸಂಕ್ರಾಂತಿಗೆ ಪಕ್ಕದ ಮನೆಯ ಕಾಕು ಮತ್ತು ಅವರ ಸೊಸೆಯಂದಿರನ್ನು ದೋಸೆಗೆ ಕರೆದಿದ್ದೆ. ಮುಂಬೈ ಅಭ್ಯಾಸದಲ್ಲಿ ರಾತ್ರಿ ಎಂಟಕ್ಕೆ ಹಿಟ್ಟು ರುಬ್ಬಿಟ್ಟೆ. ಬೆಳಿಗ್ಗೆ ನೋಡಿದರೆ ಇಟ್ಟ ಗೆರೆಯಲ್ಲೇ ಇದೆ, ಒಂದು ಗುಳ್ಳೆ ಇಲ್ಲ. ಕುಕ್ಕರಿನಲ್ಲಿ ಬಿಸಿನೀರು ಹಾಕಿ ಮೇಲೆ ಪಾತ್ರೆ ಇಟ್ಟೆ, ಬಿಸಿಲಿಗಿಟ್ಟೆ, ಶಾಲು ಸುತ್ತಿದೆ. ಕೊನೆಗೆ ಚರ್ಮದಂಥ ದೋಸೆ ತಿಂದು ಕಾಕು ಪಾಪ “ಛಾನ್”, ಚೆನ್ನಾಗಿದೆ, ಅಂದರು. ಅಂದಿನಿಂದ ಚಳಿಗಾಲದಲ್ಲಿ ಯಾರೇ ಬರಲಿ, ನಮ್ಮೂರ ತೆಳ್ಳೇವೇ. ಅಕ್ಕಿ ರುಬ್ಬು, ತೆಳ್ಳಗೆ ಎರೆ, ಹುಳಿ ಬರೋ ಗೊಡವೆ ಇಲ್ಲ.

ಮುಂಬೈಯ ಚಳಿಗಾಲ ಯಾವಾಗಲೂ ಹಿತ ಅಂತಾನೂ ಅಲ್ಲ. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಬರಬೇಕು. ಕೆಲವು ದಿನ ಪೂರ್ವದ ಗಾಳಿ ಜೋರಾಗಿ ಅದು ತಡ ಮಾಡುತ್ತದೆ. ಅವತ್ತು ಜನವರಿಯಲ್ಲೇ 35 ಡಿಗ್ರಿ, ಮುಖ ಸುಡುತ್ತದೆ. ಉತ್ತರದಲ್ಲಿ ಹಿಮ ಬಿದ್ದು ರಾಜಸ್ಥಾನ, ಗುಜರಾತಿನ ಕಡೆಯಿಂದ ಗಾಳಿ ತಿರುಗಿದರೆ ಎರಡು ಮೂರು ದಿನ ನಿಜವಾದ ಚಳಿ. ಒಟ್ಟಿನಲ್ಲಿ ಅಲ್ಲಿ ಚಳಿ ನೆಂಟರ ಹಾಗೆ, ಇಲ್ಲಿ ಬಾಡಿಗೆದಾರರ ಹಾಗೆ.

ಹೋದ ವಾರ ಮಾಟುಂಗಾದಲ್ಲಿ ಚಿಕ್ಕಮ್ಮನ ಮೊಮ್ಮಗನ ಉಪನಯನ. ಡೆಕ್ಕನ್ ಕ್ವೀನ್ ಹತ್ತಿದಾಗ ಬೆಳಿಗ್ಗೆ ಏಳೂಕಾಲು. ಸ್ವೆಟರು, ಮೇಲೊಂದು ಶಾಲು, ಕಾಲಿಗೆ ಸಾಕ್ಸು. ಖಂಡಾಲಾದ ಸುರಂಗಗಳನ್ನು ದಾಟಿ ಗಾಡಿ ಘಾಟಿ ಇಳಿಯುವಾಗ ಶಾಲು ತೆಗೆದೆ. ಕರ್ಜತ್‌ನಲ್ಲಿ ಸ್ವೆಟರು. ಕಲ್ಯಾಣ್ ದಾಟಿದ ಮೇಲೆ ಸಾಕ್ಸೂ ಹೋಯಿತು. ಡಬ್ಬಿಯ ಅರ್ಧ ಜನ ಇದೇ ಕೆಲಸದಲ್ಲಿದ್ದರು, ಯಾರೂ ಯಾರ ಮುಖವನ್ನೂ ನೋಡದೆ.

ಚಿಕ್ಕಮ್ಮನಿಗೆ ಅಂತ ಆಯಿಯ ಎಣ್ಣೆ ಬಾಟಲಿ ತಂದಿದ್ದೆ. ಮುಚ್ಚಳ ಸ್ವಲ್ಪ ಸಡಿಲ ಇತ್ತು. ಪುಣೆಯಲ್ಲಿ ಅದನ್ನು ತಲೆಕೆಳಗೆ ಹಿಡಿದು ನೋಡಿದ್ದೆ, ಒಂದು ಹನಿ ಬೀಳಲಿಲ್ಲ. ಕಲ್ಲಿಗೆ ಮುಚ್ಚಳ ಯಾಕೆ ಅಂತ ರೇಷ್ಮೆ ಸೀರೆಯ ಪಕ್ಕದಲ್ಲೇ ಅಡ್ಡ ಮಲಗಿಸಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ಸೀರೆ ಬದಲಿಸೋಣ ಅಂತ ಬ್ಯಾಗು ಬಿಚ್ಚಿದೆ. ಚಿಕ್ಕಮ್ಮ ಖಾಲಿ ಬಾಟಲಿ ಎತ್ತಿ ನೋಡಿದಳು, ಸೀರೆಯ ಸೆರಗು ಎತ್ತಿ ಮೂಸಿದಳು.

“ಎಣ್ಣೆ ಒಳ್ಳೇದಿದ್ದು ಮಾರಾಯ್ತಿ,” ಅಂದಳು. “ಹಿಂಡು, ಒಂದು ಪಾತ್ರೆ ತತ್ತೆ.”